ಅಪ್ಪನ ಕಾರಿಗೆ ಯಾವ ಸೈಜಿನ ಟೈರು?

‘ಮೇಷ್ಟ್ರೇ, ಮುಂದಿನ ಎಡಗಡೆ ಟೈರು ನೋಡಿದ್ರಾ? ಪಕ್ಕದಲ್ಲಿ ಉಬ್ಬಿಕೊಂಡಿದೆ.’

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ ಹೀಗೆಂದಾಗ ಅಪ್ಪ ಕಾರಿನಿಂದ ಇಳಿದರು. ನಾನೂ ಇಳಿದೆ. ಟೈರಿನ ಪಕ್ಕೆಗೆ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಒಂದು ಉಬ್ಬು. ಅಪ್ಪ ಅದನ್ನು ಬೆರಳಿನಿಂದ ಒತ್ತಿ ನೋಡಿ, ‘ಗಾಳಿಯೇನೂ ಹೋಗ್ತಿಲ್ವಲ್ಲ, ಇನ್ನೊಂದು ತಿಂಗಳು ಓಡುತ್ತೆ ಬಿಡು’ ಅಂದರು. ಹುಡುಗ ನಕ್ಕ. ‘ಒಳಗಡೆ ದಾರ ಕಿತ್ತೋಗಿರುತ್ತೆ ಮೇಷ್ಟ್ರೇ. ಯಾವಾಗ ಸಿಡಿಯುತ್ತೋ ಹೇಳೋಕಾಗಲ್ಲ’ ಎಂದವನೇ ಜಾಕ್ ಹಾಕಿ, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಕೂರಿಸಿಕೊಟ್ಟ.

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಮೈಸೂರಿನ ಹಾಸ್ಟೆಲಿನಿಂದ ನಾನು ಹಾಸನಕ್ಕೆ ಬಂದು ಎರಡು ದಿನವಾಗಿತ್ತು. ಮುಂದಿನ ಭಾನುವಾರ ಪುತ್ತೂರಿಗೆ ಹೋಗಿ ಅಕ್ಕನನ್ನು ಬಾಣಂತನಕ್ಕೆ ಕರೆದುಕೊಂಡು ಬರಬೇಕಿತ್ತು. ಹೋಗುವಾಗ ನಾವು ಮೂವರು, ಬರುವಾಗ ಅಕ್ಕ, ಭಾವನೂ ಸೇರಿ ಐವರು, ಜೊತೆಗೆ ಡಿಕ್ಕಿ ತುಂಬ ಲಗೇಜು. ದಾರಿ ಶಿರಾಡಿ ಘಾಟಿಯದು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ‘ಹೆಚ್ಚು ಕುಲುಕಾಟ ಆಗದ ಹಾಗೆ ನಿಧಾನಕ್ಕೆ ಕರೆದುಕೊಂಡು ಹೋಗಿ’ ಎಂದು ಡಾಕ್ಟರು ಬೇರೆ ಹೇಳಿದ್ದರು. ಆ ಉಬ್ಬು ಘಾಟಿಯ ತಿರುವಿನಲ್ಲಿ ಒಡೆದಿದ್ದರೆ ಎಂದು ಅಮ್ಮ ಅವತ್ತು ರಾತ್ರಿ ಮೂರು ಸಲ ಹೇಳಿದ್ದಾರೆ. ನಾನು ಎಣಿಸಿದ್ದೇನೆ.

ನಮ್ಮದು 2010ರ ಮಾರುತಿ ಸ್ವಿಫ್ಟ್ ಡಿಜೈರ್, ಪೆಟ್ರೋಲ್, ವಿಎಕ್ಸ್‌ಐ. 2016ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬಂಕಿನಿಂದ ನೇರವಾಗಿ ಟೈರಿನ ಅಂಗಡಿಗೆ ಹೋದೆವು. ಅಂಗಡಿಯವರು ಬಗ್ಗಿ ಹಿಂದಿನ ಟೈರಿನ ಮೇಲಿದ್ದ ಅಂಕಿ ಓದಿದರು. ‘175/65 ಆರ್14. ಇದೇ ಸೈಜ್ ಹಾಕಿಬಿಡೋಣ ಮೇಷ್ಟ್ರೇ, ಸ್ಟಾಕ್ ಇದೆ, ಒಂದು ಗಂಟೆ ಕೆಲಸ’ ಅಂದರು. ಅಷ್ಟರಲ್ಲಿ ಭಾವನ ಫೋನು. ‘ಮಾವ, ಹೆಂಗೂ ಹಾಕಿಸ್ತಿದ್ದೀರಿ, ಸ್ವಲ್ಪ ಅಗಲದ್ದು ಹಾಕಿಸಿ, ಘಾಟಿಯಲ್ಲಿ ಗ್ರಿಪ್ ಚೆನ್ನಾಗಿರುತ್ತೆ.’ ಪಕ್ಕದಲ್ಲಿ ಬೈಕಿಗೆ ಪಂಚರ್ ಹಾಕಿಸುತ್ತಿದ್ದ ಯಾರೋ ಒಬ್ಬರು, ‘ಹಳೇ ಗಾಡಿಗೆ ರಿಸೋಲ್ ಸಾಕು ಸಾರ್’ ಎಂದು ತಮ್ಮ ಅಭಿಪ್ರಾಯವನ್ನೂ ಸೇರಿಸಿದರು. ಅಪ್ಪ ಎಲ್ಲರ ಮಾತೂ ಕೇಳಿ ನನ್ನ ಕಡೆ ತಿರುಗಿದರು.

‘ನೀನೇ ಹೇಳು ಪುಟ್ಟಿ, ಎಂಜಿನಿಯರಿಂಗ್ ಓದ್ತಿದ್ದೀಯಲ್ಲ.’

ಓದುತ್ತಿರುವುದು ನಿಜ. ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ನಮ್ಮ ಕ್ಲಾಸಿನಲ್ಲಿ ನಾವು ಹುಡುಗಿಯರು ಆರೇ ಜನ. ‘ಹುಡುಗಿಗೆ ಯಾಕೆ ಮೆಕ್ಯಾನಿಕಲ್’ ಎಂದವರಿಗೆಲ್ಲ ಉತ್ತರ ಕೊಟ್ಟು ಸೇರಿದವಳು ನಾನು. ಮೋರ್ಸ್ ಸರ್ಕಲ್ ಕಣ್ಣುಮುಚ್ಚಿ ಬಿಡಿಸುತ್ತೇನೆ, ಆಟೋ ಸೈಕಲ್ಲಿನ ದಕ್ಷತೆಯ ಸೂತ್ರ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಎದುರಿಗಿದ್ದ ಟೈರಿನ ಮೇಲೆ ಬರೆದ 65 ಎಂದರೆ ಏನೆಂದು ಗೊತ್ತಿರಲಿಲ್ಲ. ‘ಸಂಜೆ ನೋಡಿ ಹೇಳ್ತೀನಿ ಅಪ್ಪ’ ಅಂದೆ. ಅಂಗಡಿಯವರು ಸಣ್ಣಗೆ ನಕ್ಕ ಹಾಗಾಯಿತು. ನಗದೆಯೂ ಇರಬಹುದು, ನನಗೆ ಹಾಗೆ ಕಂಡಿತು.

ಮನೆಗೆ ಬಂದು ಕಾರು ಅಂಗಳದಲ್ಲಿ ನಿಂತ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮುಂದಿನ ಬಲಗಡೆ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿನ ಕಮಾನಿಗೂ ನಡುವೆ ಇದ್ದಷ್ಟು ಜಾಗ ಎಡಗಡೆ ಇರಲಿಲ್ಲ. ಒಂದು ಬೆರಳಿನಷ್ಟು ಕಡಿಮೆ. ಎಡಗಡೆ ಇದ್ದದ್ದು ಆಗಷ್ಟೇ ಹಾಕಿದ ಸ್ಟೆಪ್ನಿ. ಬಗ್ಗಿ ಓದಿದೆ: 165/80 ಆರ್14. ಬೇರೆ ಮೂರಕ್ಕೂ 175/65 ಆರ್14. ಒಂದೇ ಕಾರಿನಲ್ಲಿ ಎರಡು ಸೈಜು!

ಈ ಅಂಕಿಗಳನ್ನು ಓದುವುದು ಹೀಗೆ. ಮೊದಲಿನ 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಓರೆಗೆರೆಯ ಆಚೆಗಿನ 80 ಮಿಲಿಮೀಟರ್ ಅಲ್ಲ, ಅದು ಶೇಕಡಾ. ಟೈರಿನ ಪಕ್ಕೆಯ ಎತ್ತರ ಅದರ ಅಗಲದ ಶೇ 80ರಷ್ಟು ಎಂದು ಅರ್ಥ. ‘ಆರ್’ ಎಂದರೆ ರೇಡಿಯಲ್. ತ್ರಿಜ್ಯ ಅಂದುಕೊಂಡವರು ನನ್ನ ಹಾಗೆ ಬಹಳ ಜನ ಇರಬೇಕು. ಒಳಗಿನ ದಾರಗಳನ್ನು ಟೈರಿನ ನಡುವಿನಿಂದ ಹೊರಕ್ಕೆ, ಸೈಕಲ್ ಚಕ್ರದ ಕಡ್ಡಿಗಳ ದಿಕ್ಕಿನಲ್ಲಿ ಹಾಸಿರುತ್ತಾರೆ ಎಂದಷ್ಟೇ ಅದು ಹೇಳುತ್ತದೆ. ಕೊನೆಯ 14 ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಕಲಸಿದ್ದಾರೆ. ನಾನು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದರು.

ಲೆಕ್ಕಕ್ಕೆ ಕೂತೆ. 165ರಲ್ಲಿ ಶೇ 80 ಎಂದರೆ 132 ಮಿ.ಮೀ. 14 ಇಂಚು ಎಂದರೆ 355.6 ಮಿ.ಮೀ. ಕೂಡಿದರೆ 487.6. ಅಮ್ಮನ ಹೊಲಿಗೆ ಮಷೀನಿನ ಟೇಪು ತಂದು ಸ್ಟೆಪ್ನಿಯ ಎತ್ತರ ಅಳೆದರೆ 60 ಸೆಂ.ಮೀ.! ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಹಿಂದೆಯೇ ನಿಂತು ನೋಡುತ್ತಿದ್ದವರು, ‘ಟೈರು ರಿಮ್ಮಿನ ಮೇಲೆ ಮಾತ್ರ ಇದೆಯೋ, ಕೆಳಗೂ ಇದೆಯೋ?’ ಎಂದು ಕೇಳಿದರು. ಪಕ್ಕೆಯ ಎತ್ತರವನ್ನು ಎರಡು ಸಲ ಕೂಡಿಸಬೇಕು. 132, 132 ಮತ್ತು 355.6 ಸೇರಿ 619.6 ಮಿ.ಮೀ. ಟೇಪು ತೋರಿಸಿದ್ದು ಅದಕ್ಕಿಂತ ಕಡಿಮೆ ಏಕೆಂದರೆ ಕಾರಿನ ಭಾರಕ್ಕೆ ಟೈರು ನೆಲದ ಹತ್ತಿರ ಸ್ವಲ್ಪ ಕುಸಿದಿರುತ್ತದೆ. ಇದೇ ಲೆಕ್ಕ 175/65 ಆರ್14ಕ್ಕೆ ಮಾಡಿದರೆ ಪಕ್ಕೆ 113.75, ಹೊರವ್ಯಾಸ 583.1 ಮಿ.ಮೀ. ವ್ಯತ್ಯಾಸ ಮೂವತ್ತಾರೂವರೆ ಮಿಲಿಮೀಟರ್. ನಡುವಿನ ಅಚ್ಚು ಅದರ ಅರ್ಧ, ಅಂದರೆ 18 ಮಿಲಿಮೀಟರ್ ಕೆಳಗೆ ಬರುತ್ತದೆ. ನನಗೆ ಕಂಡ ಒಂದು ಬೆರಳಿನ ಜಾಗ ಅದೇ.

ಹಾಗಾದರೆ ಕಾರಿಗೆ ಸರಿಯಾದದ್ದು ಯಾವುದು? ಇದಕ್ಕೆ ಉತ್ತರ ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಕಂಬದ ಮೇಲಿತ್ತು. ಒಂದು ಸ್ಟಿಕ್ಕರ್, ಮೇಲೆ ಒಂಬತ್ತು ವರ್ಷದ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಟೈರಿನ ಸೈಜು, ಗಾಳಿಯ ಒತ್ತಡ ಎಲ್ಲವೂ ಇದೆ. ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಕಾಗದಗಳ ಅಡಿಯಲ್ಲಿ ಸಿಕ್ಕ ಕಂಪನಿಯ ಕೈಪಿಡಿಯಲ್ಲೂ ಅದೇ: ನಮ್ಮ ವಿಎಕ್ಸ್‌ಐಗೆ 165/80 ಆರ್14, ಮೇಲಿನ ಮಾಡೆಲ್ ಆದ ಜಡ್‌ಎಕ್ಸ್‌ಐಗೆ 185/70 ಆರ್14. 175/65 ಎಂಬುದು ಎಲ್ಲೂ ಇಲ್ಲ. ಅದೇನು ಕೆಟ್ಟ ಸೈಜಲ್ಲ, ಬೇರೆ ಕಾರುಗಳಿಗೆ ಕಂಪನಿಯಿಂದಲೇ ಬರುತ್ತದೆ. ನಮ್ಮ ಕಾರಿನದಲ್ಲ, ಅಷ್ಟೇ. ಮೊದಲಿನ ಮಾಲೀಕರು ಯಾವಾಗಲೋ ಸಿಕ್ಕಿದ್ದನ್ನು ಹಾಕಿಸಿದ್ದರು. 2019ರಲ್ಲಿ ಅಪ್ಪ ಟೈರು ಬದಲಿಸುವಾಗ ‘ಇದ್ದದ್ದೇ ಹಾಕಿ’ ಅಂದಿದ್ದರು. ಈಗ ಅಂಗಡಿಯವರೂ ಅದನ್ನೇ ಹೇಳುತ್ತಿದ್ದರು. ಒಬ್ಬರು ಮಾಡಿದ ತಪ್ಪನ್ನು ಇನ್ನಿಬ್ಬರು ನಕಲು ಮಾಡಿದ್ದು. ಹಾಸ್ಟೆಲಿನಲ್ಲಿ ಅಸೈನ್‌ಮೆಂಟ್ ಬರೆಯುವವರಿಗೆ ಇದು ಹೊಸದೇನಲ್ಲ.

‘14 ಇಂಚಿನ ರಿಮ್ಮಿಗೆ 14 ಇಂಚಿನ ಟೈರು ಕೂತಿದೆಯಲ್ಲ, ಮತ್ತೇನು?’ ಎಂದು ಅಪ್ಪ ಕೇಳಿದರು. ರಿಮ್ಮಿಗೆ ಕೂತಿದೆ, ನಿಜ. ಆದರೆ ಕಾರಿಗೆ ಕೂತಿಲ್ಲ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಬೇರೆ ಬೇರೆ ದೂರುಗಳಾಗಿದ್ದವು ಆ ಸಂಜೆ ಒಂದೊಂದಾಗಿ ಒಂದೇ ಕಾರಣಕ್ಕೆ ಬಂದು ನಿಂತವು. ನಮ್ಮ ಬೀದಿ ತುದಿಯ ಹಂಪಿನಲ್ಲಿ ನಾಲ್ಕು ಜನ ಕೂತರೆ ಕಾರಿನ ಹೊಟ್ಟೆ ಕೆರೆಯುತ್ತಿತ್ತು. ‘ನೀವೆಲ್ಲ ದಪ್ಪ ಆಗಿದ್ದೀರಿ’ ಎಂದು ಅಪ್ಪ ಅದಕ್ಕೆ ಸಮಾಧಾನ ಹೇಳಿಕೊಂಡಿದ್ದರು. ಅಸಲಿಗೆ ಕಂಪನಿ ಕೊಟ್ಟ ಎತ್ತರದಲ್ಲಿ 18 ಮಿ.ಮೀ. ಹೋಗಿತ್ತು. ಆ ಉಬ್ಬಿನ ಕಥೆಯೂ ಇದಕ್ಕೇ ಸೇರಿದ್ದು. ಟೈರು ಗುಂಡಿಯ ಅಂಚಿಗೆ ಬಡಿದಾಗ ಪಕ್ಕೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. ಆಗ ಒಳಗಿನ ದಾರ ತುಂಡಾದರೆ ಆ ಜಾಗದಲ್ಲಿ ಗಾಳಿಯನ್ನು ತಡೆದು ನಿಲ್ಲಿಸುವುದು ಬರೀ ರಬ್ಬರು. ಅದು ಉಬ್ಬುತ್ತದೆ. 132 ಮಿ.ಮೀ. ಪಕ್ಕೆ ಇರಬೇಕಾದ ಕಡೆ 114 ಇದ್ದರೆ ಗುಂಡಿಯ ಪೆಟ್ಟು ತಡೆಯುವ ಮೆತ್ತೆ ಅಷ್ಟು ತೆಳ್ಳಗಾಯಿತು. ಎತ್ತರದ ಪಕ್ಕೆಗೆ ಉಬ್ಬು ಬರುವುದೇ ಇಲ್ಲ ಎಂದಲ್ಲ, ಸಾಧ್ಯತೆ ಕಡಿಮೆ. ನಮ್ಮ ರಸ್ತೆಗಳಿಗೆ ಅಷ್ಟೂ ಬೇಕು.

ಇನ್ನೊಂದು ಭಾರದ ಲೆಕ್ಕ. ಸೈಜಿನ ನಂತರ ಟೈರಿನ ಮೇಲೆ 85ಟಿ, 82ಟಿ ಎಂಬ ಥರದ ಬರಹ ಇರುತ್ತದೆ. ಅಂಕಿ ಲೋಡ್ ಇಂಡೆಕ್ಸ್. ಸರಿಯಾಗಿ ಗಾಳಿ ಇದ್ದಾಗ ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬುದರ ಸಂಕೇತ. 85 ಎಂದರೆ 515 ಕೆ.ಜಿ., 82 ಎಂದರೆ 475 ಕೆ.ಜಿ., 88 ಎಂದರೆ 560 ಕೆ.ಜಿ. ಅಕ್ಷರ ವೇಗದ ಮಿತಿ: ಎಸ್ ಆದರೆ ಗಂಟೆಗೆ 180 ಕಿ.ಮೀ., ಟಿ ಆದರೆ 190, ಎಚ್ ಆದರೆ 210. ಅಪ್ಪ 80 ದಾಟದವರು, ಹಾಗಾಗಿ ಅಕ್ಷರದ ಚಿಂತೆ ನಮಗೆ ಕಡಿಮೆ. ಆದರೆ ಭಾರದ ಅಂಕಿ ಮುಖ್ಯ. ನಮ್ಮ ಕಾರಿಗೆ 85 ಇರಬೇಕಾದ ಕಡೆ 82 ಇತ್ತು. ನಾಲ್ಕು ಟೈರಿನದು ಕೂಡಿಸಿದರೆ 1,900 ಕೆ.ಜಿ. ಆಗುತ್ತದೆ, ಐದು ಜನ ಕೂತ ಡಿಜೈರ್ ಅಷ್ಟು ತೂಗುವುದಿಲ್ಲ, ಒಪ್ಪಿದೆ. ಆದರೆ ಭಾರ ನಾಲ್ಕಕ್ಕೂ ಸಮ ಹಂಚಿಕೆಯಾಗುವುದಿಲ್ಲ. ಎಂಜಿನ್ ಇರುವುದು ಮುಂದೆ. ಘಾಟಿ ಇಳಿಯುವಾಗ ಬ್ರೇಕು ಒತ್ತಿದರೆ ಇನ್ನಷ್ಟು ಭಾರ ಮುಂದಕ್ಕೆ ಬರುತ್ತದೆ, ತಿರುವಿನಲ್ಲಾದರೆ ಮುಂದಿನ ಒಂದೇ ಟೈರಿನ ಮೇಲೆ ಬೀಳುತ್ತದೆ. ಕಂಪನಿಯ ಎಂಜಿನಿಯರುಗಳು ಇದನ್ನೆಲ್ಲ ಯೋಚಿಸಿ ಇಟ್ಟ ಉಳಿಕೆಯನ್ನು ನಾವು ಗೊತ್ತಿಲ್ಲದೆ ತಿಂದು ಹಾಕಿದ್ದೆವು.

ಅಪ್ಪನಿಗೆ ನಿಜಕ್ಕೂ ಬೇಸರವಾದದ್ದು ಮೈಲೇಜಿನ ವಿಷಯಕ್ಕೆ. ಚಕ್ರ ಚಿಕ್ಕದಾದರೆ ಒಂದು ಕಿಲೋಮೀಟರಿಗೆ ಹೆಚ್ಚು ಸುತ್ತು ತಿರುಗಬೇಕು. ಮೀಟರಿಗೆ ಗೊತ್ತಿರುವುದು ಸುತ್ತು ಮಾತ್ರ. 619.6 ಮಿ.ಮೀ. ಚಕ್ರ ಕಿಲೋಮೀಟರಿಗೆ ಸುಮಾರು 514 ಸುತ್ತು ತಿರುಗಿದರೆ 583.1 ಮಿ.ಮೀ. ಚಕ್ರ 546 ಸುತ್ತು ತಿರುಗುತ್ತದೆ. ನಾನು ಪೈ ಹಾಕಿ ಗುಣಿಸುತ್ತಿದ್ದರೆ ಅಪ್ಪ ಪೆನ್ನು ಕಿತ್ತುಕೊಂಡು, ‘ಅನುಪಾತ ತಾನೇ ಬೇಕಿರೋದು, ಪೈ ಎರಡೂ ಕಡೆ ಇದೆ, ಹೊಡೆದು ಹಾಕು’ ಅಂದರು. 619.6 ಭಾಗಿಸು 583.1, ಅಂದರೆ 1.06. ಮೀಟರು ಶೇ 6ರಷ್ಟು ಸುಳ್ಳು ಹೇಳುತ್ತಿತ್ತು. ನಮ್ಮ ಮನೆಯಿಂದ ಅಪ್ಪನ ಶಾಲೆಗೆ 16 ಕಿಲೋಮೀಟರು, ಕಾರಿನಲ್ಲಿ ಮಾತ್ರ ಯಾವಾಗಲೂ 17. ‘ಕೈಮರ ಹಾಕಿದವರು ತಪ್ಪು ಹಾಕಿದ್ದಾರೆ’ ಎಂಬುದು ಅಪ್ಪನ ಸಿದ್ಧಾಂತವಾಗಿತ್ತು. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಚಿಕ್ಕ ಡೈರಿಯಲ್ಲಿ ಬರೆದಿಟ್ಟು ‘ಹದಿನೇಳು ಕೊಡುತ್ತೆ ನನ್ನ ಗಾಡಿ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಹದಿನೇಳು ಅಸಲಿಗೆ ಹದಿನಾರು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಚಿಕ್ಕ ಚಕ್ರದಲ್ಲಿ ಮೀಟರು ಹೆಚ್ಚು ತೋರಿಸುತ್ತದೆ, ಅದು ಬರೀ ಮರ್ಯಾದೆಯ ಪ್ರಶ್ನೆ. ದೊಡ್ಡ ಚಕ್ರ ಹಾಕಿದರೆ ಉಲ್ಟಾ. ಮೀಟರಿನಲ್ಲಿ 80 ಇದ್ದಾಗ ಕಾರು ಅದಕ್ಕಿಂತ ಜೋರಾಗಿ ಓಡುತ್ತಿರಬಹುದು. ನನ್ನ ದೊಡ್ಡಪ್ಪನ ಮಗನೂ ಇಂಥದೇ ಡಿಜೈರ್ ಇಟ್ಟಿದ್ದಾನೆ. ಅವನು ಹೊಸ ಅಲಾಯ್ ವೀಲ್ ಜೊತೆ 205/65 ಆರ್15 ಹಾಕಿಸಿ ಸ್ಟೇಟಸ್ಸಿಗೆ ಫೋಟೊ ಹಾಕಿದ್ದ. ಲೆಕ್ಕ ಮಾಡಿದರೆ 647.5 ಮಿ.ಮೀ., ಶೇ 4.5ರಷ್ಟು ದೊಡ್ಡದು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಡೆ ಪ್ಲಾಸ್ಟಿಕ್‌ಗೆ ಉಜ್ಜುತ್ತದೆ, ಏರಿನಲ್ಲಿ ಒಂದು ಗೇರು ಕೆಳಗೇ ಓಡಿಸಬೇಕು ಎಂದು ಅವನೇ ಒಪ್ಪಿಕೊಂಡ. ಫೋಟೊ ಮಾತ್ರ ಚೆನ್ನಾಗಿದೆ. 15 ಇಂಚು ಹಾಕಿಸಲೇಬಾರದು ಎಂದೇನಿಲ್ಲ. 185/65 ಆರ್15 ತೆಗೆದುಕೊಂಡರೆ ಹೊರವ್ಯಾಸ 621.5, ಹೆಚ್ಚುಕಡಿಮೆ ಮೂಲದಷ್ಟೇ. ರಿಮ್ ದೊಡ್ಡದಾದಷ್ಟು ಪಕ್ಕೆ ಕುಗ್ಗಬೇಕು, ಹೊರಗಿನ ಚಕ್ರ ಬದಲಾಗಬಾರದು. ಶೇ 2ರ ಒಳಗೆ ಇದ್ದರೆ ಒಳ್ಳೆಯದು, 3 ದಾಟಿದರೆ ಬೇಡ, ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಡಿಮೆ ಅಂತೂ ಆಗಲೇಬಾರದು. ಜೊತೆಗೆ ರಿಮ್ಮಿನ ಅಗಲಕ್ಕೂ ಹೊಂದಬೇಕು. ನಮ್ಮ ರಿಮ್ಮಿನ ಮೇಲೆ 5ಜೆ ಎಂದು ಅಚ್ಚಾಗಿದೆ, ಅಂದರೆ 5 ಇಂಚು ಅಗಲ. ಅದಕ್ಕೆ 165 ಮತ್ತು 185 ಎರಡೂ ಕೂರುತ್ತವೆ, 205 ಕೂರಿಸಿದರೆ ಟೈರು ಮಡಕೆಯ ಹಾಗೆ ಹೊಟ್ಟೆ ಬಿಡುತ್ತದೆ.

ಈಗ ಆಯ್ಕೆ ಎರಡೇ ಉಳಿಯಿತು. ಮೂಲದ 165/80, ಇಲ್ಲವೇ ಭಾವ ಹೇಳಿದ ಹಾಗೆ ಅಗಲದ 185/70. ಎರಡನೆಯದರ ಹೊರವ್ಯಾಸ 614.6, ವ್ಯತ್ಯಾಸ ಶೇ 1ಕ್ಕೂ ಕಡಿಮೆ. ಲೋಡ್ ಇಂಡೆಕ್ಸ್ 88. ಕಂಪನಿಯೇ ಮೇಲಿನ ಮಾಡೆಲ್ಲಿಗೆ ಕೊಟ್ಟದ್ದು. ಹಾಗಾಗಿ ಭಾವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಣ ರಸ್ತೆಯ ತಿರುವಿನಲ್ಲಿ, ಬ್ರೇಕಿನಲ್ಲಿ ಅಗಲದ ಟೈರು ಚೆನ್ನಾಗಿ ಕಚ್ಚುತ್ತದೆ. ನಿಂತ ನೀರಿನಲ್ಲಿ ಮಾತ್ರ ಕಡಿಮೆ ಅಗಲದ್ದು ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತದೆ. ಅಗಲದ್ದಕ್ಕೆ ಪೆಟ್ರೋಲೂ ಸ್ವಲ್ಪ ಹೆಚ್ಚು ಬೇಕು. ನಮಗೆ ಹೇಳಿದ ದರ 185ಕ್ಕೆ 5,400, 165ಕ್ಕೆ 4,300 ರೂಪಾಯಿ. ಅಪ್ಪ ಇದಕ್ಕೆಂದು ತೆಗೆದಿಟ್ಟದ್ದು 23 ಸಾವಿರ. ನಾಲ್ಕು ಅಗಲದ ಟೈರು ಎಂದರೆ 21,600. ಅಪ್ಪನ ಮನಸ್ಸೂ ಅತ್ತಲೇ ವಾಲಿತ್ತು. ಮೈಲೇಜು ಹೋದ ಮೇಲೆ ಕನಿಷ್ಠ ಗ್ರಿಪ್ ಆದರೂ ಇರಲಿ ಎಂದಿರಬೇಕು.

‘ಸ್ಟೆಪ್ನಿ ಹೆಂಗೂ ಹೊಸದೇ ಇದೆ, ಒಂದು ದಿನಾನೂ ಓಡಿಲ್ಲ’ ಎಂದು ಅಪ್ಪ ಅಂದಾಗ ನಾನು ಅದರ ಪಕ್ಕೆಯನ್ನು ಮತ್ತೊಮ್ಮೆ ನೋಡಿದೆ. ‘ಡಿಒಟಿ’ ಎಂದು ಶುರುವಾಗುವ ಉದ್ದದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರಲ್ಲಿ ಇದ್ದದ್ದು 1410. 2010ರ ಹದಿನಾಲ್ಕನೇ ವಾರ ತಯಾರಾದದ್ದು. ಅದು ಹುಟ್ಟಿದಾಗ ನಾನು ಒಂದನೇ ಕ್ಲಾಸಿಗೂ ಸೇರಿರಲಿಲ್ಲ. ಬಟನ್ನುಗಳು ಹೊಚ್ಚ ಹೊಸದರ ಹಾಗೆ, ಆದರೆ ಅವುಗಳ ಬುಡದಲ್ಲಿ, ಪಕ್ಕೆಯಲ್ಲಿ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಸಣ್ಣ ಬಿರುಕು. ರಬ್ಬರಿಗೆ ಓಡಿದರೆ ಮಾತ್ರ ವಯಸ್ಸಾಗುವುದಲ್ಲ, ಕೂತಲ್ಲೇ ಬಿಸಿಲು, ಗಾಳಿಗೆ ಗಟ್ಟಿಯಾಗಿ ಬಿರಿಯುತ್ತದೆ. ಎಷ್ಟೇ ಕಡಿಮೆ ಓಡಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ತೆಗೆದುಬಿಡಿ ಎಂದು ಟೈರು ಮಾಡುವವರೇ ಹೇಳುತ್ತಾರೆ. ನಾವು ಅದನ್ನು ಹಾಕಿಕೊಂಡೇ ಬಂಕಿನಿಂದ ಮನೆಗೆ ಬಂದಿದ್ದೆವು.

ಅಷ್ಟು ಹೊತ್ತು ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳುತ್ತಿದ್ದ ಅಮ್ಮ ಆಗ ಬಾಯಿ ಬಿಟ್ಟರು. ‘ಘಾಟಿಯಲ್ಲಿ ಪಂಚರ್ ಆದ್ರೆ ನೀವು ತೆಗೆದು ಹಾಕೋದು ಯಾವ ಟೈರು? ಇದೇ ತಾನೇ?’

165/80 ತೆಗೆದುಕೊಂಡರೆ ಐದಕ್ಕೆ 21,500. ನಾಲ್ಕು ಅಗಲದ ಟೈರಿನ ದುಡ್ಡಿಗೇ, ಇನ್ನೂ ನೂರು ರೂಪಾಯಿ ಉಳಿಸಿ, ಐದು ಸರಿಯಾದ ಟೈರು. ಸ್ಟೆಪ್ನಿಯೂ ಅದೇ ಸೈಜು, ಅದೇ ವಯಸ್ಸು. ನನ್ನ ಓಟು ಅದಕ್ಕೇ ಬಿತ್ತು. ಭಾವನಿಗೆ ನಾನೇ ಫೋನು ಮಾಡಿ ಹೇಳಿದೆ. ‘ಆಯ್ತಪ್ಪ, ಇನ್‌ಸ್ಟಾಗ್ರಾಮಿಗೆ ಹಾಕೋ ಹಾಗಿರಲ್ಲ’ ಎಂದು ನಕ್ಕರು. ಅಕ್ಕ ಮಾತ್ರ ಹಿಂದಿನಿಂದ, ‘ಅವಳು ಹೇಳಿದ್ದೇ ಹಾಕಿಸಲಿ’ ಅಂದದ್ದು ಕೇಳಿಸಿತು. ಸಣ್ಣವಳಿದ್ದಾಗ ಅವಳ ಪೆನ್ಸಿಲ್ ಬಾಕ್ಸ್ ಮುರಿದವಳ ಮೇಲೆ ಅಷ್ಟು ನಂಬಿಕೆ ಇಟ್ಟದ್ದು ನನಗೆ ಭಾರವೇ ಆಯಿತು. ರಾತ್ರಿ ಲೆಕ್ಕವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿದೆ.

ಮರುದಿನ ಅದೇ ಅಂಗಡಿಗೆ ಹೋದೆವು. ಆ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ದಿನಕ್ಕೆ ಇಪ್ಪತ್ತು ಗಾಡಿ ನೋಡುವವರು, ಇದ್ದದ್ದನ್ನು ಓದಿ ಅದನ್ನೇ ಕೊಡುತ್ತಾರೆ. ಸ್ಟಿಕ್ಕರಿನ ಫೋಟೊ ತೋರಿಸಿದಾಗ, ‘ಅಯ್ಯೋ, ಹೌದಲ್ಲ’ ಎಂದು ಒಪ್ಪಿದರು. ಈ ಸೈಜು ಡಿಜೈರಿನ ನಂತರದ ತಲೆಮಾರುಗಳ ಕೆಳ ಮಾಡೆಲ್ಲುಗಳಿಗೂ ಬಂದಿದ್ದರಿಂದ ಸಿಗುವುದು ಕಷ್ಟವಲ್ಲ. ಸಂಜೆಯೊಳಗೆ ಐದು ತರಿಸಿದರು. ನಾನು ಒಂದೊಂದರ ಪಕ್ಕೆಯನ್ನೂ ಓದಿದೆ. ಸೈಜು, 85, ಐಎಸ್‌ಐ ಗುರುತು, ತಯಾರಿಕೆಯ ವಾರ. ನಾಲ್ಕು ಈ ವರ್ಷದವು, ಒಂದು ಮಾತ್ರ ಮೂರು ವರ್ಷ ಹಿಂದಿನದು. ‘ಅಂಕಲ್, ಇದನ್ನು ಬದಲಿಸಿಕೊಡಿ’ ಅಂದೆ. ಅವರು ಅಪ್ಪನನ್ನು ನೋಡಿ, ‘ಮೇಷ್ಟ್ರೇ, ಇನ್ಮೇಲೆ ಓದಿರೋ ಮಕ್ಕಳನ್ನ ಕರ್ಕೊಂಡು ಬರಬೇಡಿ’ ಎಂದು ಹೇಳಿ ಬದಲಿಸಿಕೊಟ್ಟರು. ಅಪ್ಪನ ಮುಖ ನೋಡಬೇಕಿತ್ತು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಅಷ್ಟು ಅರಳಿರಲಿಲ್ಲ.

ಅಲ್ಲಿ ಟೈರು ಬಿಚ್ಚುತ್ತಿದ್ದ ವಯಸ್ಸಾದ ಫಿಟ್ಟರ್ ಒಬ್ಬರಿಂದ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ ಎರಡು ಮಾತು ಕಲಿತೆ. ಒಂದು, ಟೈರು ಬದಲಿಸುವಾಗ ಗಾಳಿಯ ವಾಲ್ವನ್ನೂ ಹೊಸದು ಹಾಕಿಸಬೇಕು. ಅದೂ ರಬ್ಬರೇ, ಅದಕ್ಕೂ ವಯಸ್ಸಾಗುತ್ತದೆ. ಕೆಲವೇ ರೂಪಾಯಿಯ ಆ ತುಂಡು ಸೋರಿದರೆ ಹೊಸ ಟೈರು ಇದ್ದೂ ಪ್ರಯೋಜನವಿಲ್ಲ. ಇನ್ನೊಂದು, ಟೈರಿನ ಮೇಲೆ ಅಚ್ಚಾದ ಒತ್ತಡ ಅದರ ಗರಿಷ್ಠ ಮಿತಿ. ನಾವು ಹಾಕಿಸಬೇಕಾದದ್ದು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವಷ್ಟು, ಅದೂ ಟೈರು ತಣ್ಣಗಿದ್ದಾಗ. ‘ಎಲ್ಲರೂ ಬಂದು ಮೂವತ್ತೈದು ಹಾಕು ಅಂತಾರೆ, ಯಾಕೆ ಅಂದ್ರೆ ಗೊತ್ತಿಲ್ಲ’ ಎಂದರು ಅವರು.

ಒಮ್ಮೆಗೆ ನಾಲ್ಕು ಹಾಕಿಸಲು ದುಡ್ಡಿಲ್ಲದಿದ್ದರೆ ಎರಡೇ ಹಾಕಿಸುವುದೂ ಇದೆ. ಆಗ ಹೊಸದನ್ನು ಮುಂದೆ ಹಾಕಿ ಎಂದೇ ಹೆಚ್ಚಿನವರು ಹೇಳುತ್ತಾರೆ, ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರವನ್ನಲ್ಲವೇ ಎಂದು. ಟೈರು ಕಂಪನಿಗಳ ಸಲಹೆ ಇದಕ್ಕೆ ಉಲ್ಟಾ: ಹೊಸದು ಹಿಂದಕ್ಕೆ. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ಸರಿಪಡಿಸುವುದು ನಮ್ಮಂಥ ಸಾಮಾನ್ಯ ಡ್ರೈವರುಗಳಿಂದ ಆಗದು. ಎರಡು ಹಾಕಿಸಿದರೂ ಒಂದೇ ಸಾಲಿನಲ್ಲಿ ಒಂದೇ ಸೈಜಿನ ಜೋಡಿ ಇರಲೇಬೇಕು. ಬಟನ್ನುಗಳ ನಡುವಿನ ಗಾಡಿಯ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೂ ಟೈರಿನ ಆಯುಷ್ಯ ಮುಗಿಯಿತು. ಅದನ್ನು ತೋರಿಸಲೆಂದೇ ಗಾಡಿಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇಟ್ಟಿರುತ್ತಾರೆ. ಮೇಲ್ಮೈ ಆ ದಿಬ್ಬಕ್ಕೆ ಸಮವಾದರೆ ಮುಗಿಯಿತು.

ಭಾನುವಾರ ಹೊರಟೆವು. ಸಕಲೇಶಪುರ ದಾಟುತ್ತಿದ್ದಂತೆ ಮಳೆ ಹಿಡಿದುಕೊಂಡಿತು. ಮರಳಿ ಬರುವಾಗ ಐದು ಜನ, ಎರಡು ಸೂಟ್‌ಕೇಸು, ಭಾವನ ಅಮ್ಮ ಕೊಟ್ಟ ಒಂದು ಚೀಲ ತೆಂಗಿನಕಾಯಿ. ಉಪ್ಪಿನಂಗಡಿಯಲ್ಲಿ ನಿಂತು ಅಪ್ಪ ಒಮ್ಮೆ, ಗುಂಡ್ಯದಲ್ಲಿ ನಾನು ಒಮ್ಮೆ ಇಳಿದು ಹಿಂದಿನ ಟೈರಿಗೂ ಕಮಾನಿಗೂ ನಡುವೆ ಕೈ ತೂರಿಸಿ ನೋಡಿದೆವು. ಪೂರ್ತಿ ಭಾರ ಇದ್ದಾಗ ಎಲ್ಲಾದರೂ ಉಜ್ಜಿದ ಗುರುತಿದೆಯೇ ಎಂದು. ಇರಲಿಲ್ಲ. ಘಾಟಿಯ ತಿರುವುಗಳಲ್ಲಿ ಅಮ್ಮ ಮಂತ್ರ ಹೇಳಿಕೊಳ್ಳುತ್ತಿದ್ದರು, ಅಕ್ಕ ನನ್ನ ಭುಜಕ್ಕೊರಗಿ ನಿದ್ದೆ ಮಾಡಿದಳು. ನಮ್ಮ ಬೀದಿ ತುದಿಯ ಹಂಪು ಬಂದಾಗ ಅಪ್ಪ ಎಂದಿನಂತೆ ಹಲ್ಲು ಕಚ್ಚಿ, ಪೂರ್ತಿ ನಿಧಾನ ಮಾಡಿ ಏರಿಸಿದರು. ಏನೂ ಕೆರೆಯಲಿಲ್ಲ. ಇಳಿದ ಮೇಲೆ ಅಪ್ಪ ಹಿಂದಕ್ಕೆ ತಿರುಗಿ ಹಂಪನ್ನೇ ಒಮ್ಮೆ ನೋಡಿದರು, ಯಾರಾದರೂ ಅದನ್ನು ಅಗೆದು ತಗ್ಗಿಸಿದ್ದಾರೇನೋ ಎಂಬಂತೆ.

ನಾನು ಹಾಸ್ಟೆಲಿಗೆ ಬಂದ ಹದಿನೈದು ದಿನಕ್ಕೆ ಅಪ್ಪನ ಫೋನು. ಶಾಲೆಗೆ ಈಗ ಸರಿಯಾಗಿ 16 ಕಿಲೋಮೀಟರು ತೋರಿಸುತ್ತಿದೆಯಂತೆ. ಅಲ್ಲಿಗೆ ಕೈಮರ ಹಾಕಿದವರು ನಿರ್ದೋಷಿಗಳಾದರು. ‘ಆದ್ರೆ ಪುಟ್ಟಿ, ಹೊಸ ಟೈರು ಹಾಕಿದ ಮೇಲೆ ಮೈಲೇಜು 15.9 ಬಂತು. ನಿನ್ನ ಮಾತು ಕೇಳಿ ಒಂದು ಕಿಲೋಮೀಟರು ಕಳ್ಕೊಂಡೆ ನೋಡು’ ಅಂದರು. ಅದು ಮೊದಲೂ ಇರಲಿಲ್ಲ ಅಪ್ಪ ಎನ್ನುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿತು: ‘ಸ್ಟೆಪ್ನಿಗೂ ಗಾಳಿ ನೋಡಿಸಿದ್ರಾ ಕೇಳು.’